ಸೆಸ್ನಾ ಪುಟಿಯುತ್ತಿದೆ, ಏನು ಮಾಡಲಿ?

ಪ್ರಶ್ನೆ: ಮನೆಯ ಕಂಪ್ಯೂಟರ್‌ನಲ್ಲಿ ಫ್ಲೈಟ್ ಸಿಮ್ಯುಲೇಟರ್ ಹಾಕಿಕೊಂಡು ಸೆಸ್ನಾ 172 ಅನ್ನೋ ಸಣ್ಣ ವಿಮಾನ ಹಾರಿಸಲು ಕಲಿಯುತ್ತಿದ್ದೇನೆ. ಅದರಲ್ಲಿ ಬೆಂಗಳೂರಿನ ಜಕ್ಕೂರು ಏರೋಡ್ರೋಮ್‌ನಿಂದಲೇ ಹಾರುತ್ತೇನೆ. ಟೇಕಾಫ್ ಬಂತು, ತಿರುಗಿಸೋದು ಬಂತು. ಇಳಿಸುವಾಗ ಮಾತ್ರ ಚೆಂಡಿನ ಹಾಗೆ ಪುಟಿಯುತ್ತದೆ, ಇಲ್ಲಾಂದ್ರೆ ರನ್‌ವೇ ಮುಗಿದರೂ ನೆಲ ಮುಟ್ಟೋದೇ ಇಲ್ಲ. ತಪ್ಪು ಎಲ್ಲಿ? ಈ ಅಭ್ಯಾಸ ಮುಂದೆ ನಿಜವಾದ ವಿಮಾನ ಕಲಿಯಲು ಉಪಯೋಗಕ್ಕೆ ಬರುತ್ತದಾ?
– ವಿದ್ಯಾರ್ಥಿ, ದಾವಣಗೆರೆ

ಉತ್ತರ: ಎರಡಕ್ಕೂ ಕಾರಣ ಹೆಚ್ಚಾಗಿ ಒಂದೇ, ಜಾಸ್ತಿ ವೇಗ. ಫ್ಲಾಪ್ಸ್ (ನಿಧಾನವಾಗಿ ಹಾರಲು ರೆಕ್ಕೆಯ ಹಿಂಬದಿಯಿಂದ ಇಳಿಸುವ ಹಲಗೆಗಳು) ಪೂರ್ತಿ ಇಳಿಸಿ ರನ್‌ವೇಗೆ ನೇರವಾಗಿ ಬರುವಾಗ ಸೆಸ್ನಾ 172ಗೆ 65 ನಾಟ್ (ಗಂಟೆಗೆ ಸುಮಾರು 120 ಕಿ.ಮೀ.) ಸಾಕು. 75ರಲ್ಲಿ ಬಂದರೆ ಹತ್ತೇ ನಾಟ್ ಅಲ್ವಾ ಅನಿಸುತ್ತದೆ. ಆದರೆ ಶಕ್ತಿ ಏರುವುದು ವೇಗದ ವರ್ಗದ ಲೆಕ್ಕದಲ್ಲಿ, ಹಾಗಾಗಿ ಮೂರನೇ ಒಂದು ಭಾಗದಷ್ಟು ಶಕ್ತಿಯನ್ನು ಸುಮ್ನೆ ಹೆಚ್ಚಿಗೆ ಹೊತ್ತು ತಂದಿರುತ್ತೀರಿ. ಅದು ಕರಗುವ ತನಕ ವಿಮಾನ ಕೂರೋದಿಲ್ಲ. ಮೇಲಾಗಿ ರೆಕ್ಕೆಯ ಈ ತುದಿಯಿಂದ ಆ ತುದಿಗೆ ಸುಮಾರು 36 ಅಡಿ. ನೆಲದಿಂದ ಅಷ್ಟು ಎತ್ತರಕ್ಕಿಂತ ಕೆಳಗೆ ಬಂದಾಗ ಗಾಳಿಯ ಎಳೆತ ಕಡಿಮೆಯಾಗಿ ವಿಮಾನ ತೇಲುತ್ತಾ ಹೋಗುತ್ತದೆ, ರನ್‌ವೇ ಮುಗಿಯುತ್ತಿದೆ ಅಂತ ಗಾಬರಿಯಲ್ಲಿ ನೀವು ಮೂತಿ ಕೆಳಗೆ ಒತ್ತುತ್ತೀರಿ, ಮುಂದಿನ ಚಕ್ರ ಮೊದಲು ಬಡಿಯುತ್ತದೆ, ಅಲ್ಲಿಗೆ ಪುಟಿಯೋದು ಶುರು.

ಜಕ್ಕೂರಿನದ್ದೇ ಇನ್ನೊಂದು ವಿಷಯ ಇದೆ. ಆ ನೆಲವೇ ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ನೆಲದಿಂದ 1,000 ಅಡಿ ಮೇಲಿರಬೇಕಾದರೆ ಎತ್ತರದ ಮೀಟರ್ 4,000 ತೋರಿಸಬೇಕು. ಅಲ್ಲಿ ಗಾಳಿ ತೆಳು, ಆದ್ದರಿಂದ ವೇಗದ ಮೀಟರ್ 65 ಅಂದರೂ ನಿಜವಾಗಿ 68-70 ನಾಟ್‌ನಲ್ಲಿ ಹೋಗುತ್ತಿರುತ್ತೀರಿ. ನೆಲ ಜೋರಾಗಿ ಓಡಿದ ಹಾಗೆ ಕಂಡರೂ ಮೀಟರನ್ನೇ ನಂಬಿ, ವೇಗ ಇನ್ನೂ ಇಳಿಸಬೇಡಿ.

ಈಗ ಒಂದು ಕೆಲಸ ಮಾಡಿ. ಗಾಳಿ ಸೊನ್ನೆ ಇಡಿ. ರನ್‌ವೇಯಿಂದ 3 ನಾಟಿಕಲ್ ಮೈಲಿ (ಸುಮಾರು ಐದೂವರೆ ಕಿ.ಮೀ.) ದೂರದಲ್ಲಿ 4,000 ಅಡಿಯಿಂದ ಶುರು ಮಾಡಿ, 65 ನಾಟ್, ನಿಮಿಷಕ್ಕೆ ಸುಮಾರು 350 ಅಡಿ ಇಳಿತ. ಮೂತಿ ಅಲ್ಲಾಡದೆ ನಿಂತ ಮೇಲೆ, ಮನೆಯಲ್ಲಿ ಯಾರದ್ದಾದರೂ ಒಂದು ಸಣ್ಣ ಬಿಂದಿ ಇಸ್ಕೊಂಡು, ರನ್‌ವೇ ಶುರುವಿನಲ್ಲಿ ಬರೆದಿರುವ ಅಂಕಿ ಪರದೆಯಲ್ಲಿ ಎಲ್ಲಿ ಕಾಣುತ್ತದೋ ಅಲ್ಲೇ ಅಂಟಿಸಿ. ಅಂಕಿ ಬಿಂದಿಗಿಂತ ಮೇಲೆ ಸರಿದರೆ ನೀವು ರನ್‌ವೇಗೆ ಮುಂಚೆಯೇ ಇಳಿದುಬಿಡುತ್ತೀರಿ, ಥ್ರಾಟಲ್ (ಎಂಜಿನ್ನಿನ ಶಕ್ತಿ ಹೆಚ್ಚು-ಕಡಿಮೆ ಮಾಡುವ ಹಿಡಿ) ಸ್ವಲ್ಪ ಕೊಡಿ. ಕೆಳಗೆ ಸರಿದರೆ ದಾಟಿ ಹೋಗುತ್ತೀರಿ, ಸ್ವಲ್ಪ ಕಡಿಮೆ ಮಾಡಿ. ವೇಗಕ್ಕೆ ಮೂತಿ, ಎತ್ತರಕ್ಕೆ ಥ್ರಾಟಲ್.

ಕೊನೆಯ 15-20 ಅಡಿಯೇ ಕಷ್ಟ. ನಿಜವಾದ ವಿಮಾನದಲ್ಲಿ ನೆಲ ಏರಿ ಬರೋದು ಕಣ್ಣಂಚಿಗೆ ಗೊತ್ತಾಗುತ್ತದೆ, ಪರದೆಯಲ್ಲಿ ಆ ಕಣ್ಣಂಚೇ ಇಲ್ಲ. ಅದಕ್ಕೇ ನೋಟವನ್ನು ರನ್‌ವೇಯ ಆ ತುದಿಗೆ ಎತ್ತಿ. ಎರಡೂ ಅಂಚು ಸರಕ್ಕನೆ ಅಗಲವಾದ ಹಾಗೆ ಕಂಡಾಗ ಥ್ರಾಟಲ್ ಪೂರ್ತಿ ಎಳೆದು, ಸ್ಟಿಕ್ಕನ್ನು ಚೂರುಚೂರೇ ಹಿಂದಕ್ಕೆ ತನ್ನಿ. ಇಳಿಸಲು ಹೋಗಬೇಡಿ, ಹಾರಿಸಿಕೊಂಡೇ ಇರಿ. ಸ್ಟಾಲ್ ಹಾರ್ನ್ (ರೆಕ್ಕೆ ಇನ್ನು ವಿಮಾನವನ್ನು ಎತ್ತಿ ಹಿಡಿಯಲಾರದು ಅಂತ ಎಚ್ಚರಿಸುವ ಸದ್ದು) ಕುಂಯ್ ಅನ್ನುವ ಹೊತ್ತಿಗೆ ಹಿಂದಿನ ಎರಡು ಚಕ್ರ ತಾವಾಗಿ ನೆಲ ಮುಟ್ಟುತ್ತವೆ.

ಜೋರಾಗಿ ಪುಟಿದರೆ ಮೂತಿ ಒತ್ತಲೇಬೇಡಿ. ಎರಡನೇ, ಮೂರನೇ ಪುಟಿತದಲ್ಲೇ ಮುಂದಿನ ಚಕ್ರ ಮುರಿದು ಪ್ರೊಪೆಲ್ಲರ್ ನೆಲಕ್ಕೆ ಬಡಿಯೋದು. ಪೂರ್ತಿ ಥ್ರಾಟಲ್ ಕೊಡಿ, ಫ್ಲಾಪ್ಸ್ 30 ಡಿಗ್ರಿಯಿಂದ ಮೊದಲು 20ಕ್ಕೆ ಮಾತ್ರ ಎತ್ತಿ, ಇನ್ನೊಂದು ಸುತ್ತು ಬನ್ನಿ.

ಎರಡನೇ ಪ್ರಶ್ನೆಗೆ: ಮನೆಯ ಸಿಮ್ಯುಲೇಟರಿನ ಗಂಟೆಗಳು ಲಾಗ್‌ಬುಕ್ಕಿಗೆ (ಪೈಲಟ್‌ನ ಹಾರಾಟದ ಗಂಟೆ ಬರೆದಿಡುವ ಪುಸ್ತಕಕ್ಕೆ) ಸೇರೋದಿಲ್ಲ, ಆದರೆ ಕ್ರಮ ಮತ್ತು ಲೆಕ್ಕ ಖಂಡಿತ ಕೈಹಿಡಿಯುತ್ತವೆ. ನನಗಿರುವ ಒಂದೇ ಹೆದರಿಕೆ, ಪರದೆಯಲ್ಲಿ ಕಲಿತವರು ಹೊರಗೆ ನೋಡದೆ ಮೀಟರುಗಳನ್ನೇ ನೋಡುತ್ತಾ ಕೂರುತ್ತಾರೆ. ವೇಗದ ಮೀಟರ್ ಒಂದನ್ನು ಬಿಟ್ಟು ಉಳಿದವಕ್ಕೆ ಕಾಗದ ಮುಚ್ಚಿ ದಿನಕ್ಕೆ ನಾಲ್ಕು ಸಲ ಇಳಿಸಿ ನೋಡಿ, ಎರಡು ವಾರ ಆದ ಮೇಲೆ ನನಗೆ ಮತ್ತೆ ಬರೆಯಿರಿ.