ಅಘನಾಶಿನಿ ಅಳಿವೆಯಲ್ಲಿ ಊರಿನವರೇ ಸೇರಿ ಪ್ರವಾಸೋದ್ಯಮ ನಡೆಸಬಹುದಾ?

ನಿಮ್ಮ ಪ್ರಶ್ನೆ ಓದಿದೆ. ಉತ್ತರ ಕನ್ನಡದ ಅಘನಾಶಿನಿ ಅಳಿವೆಗೆ ರಾಮ್ಸಾರ್ ಮಾನ್ಯತೆ, ಅಂದರೆ ಜಗತ್ತಿನ ಮಹತ್ವದ ಜೌಗುನೆಲಗಳ ಪಟ್ಟಿಯಲ್ಲಿ ಜಾಗ, ಸಿಕ್ಕಮೇಲೆ ನಿಮ್ಮೂರಿಗೆ ಹೊರಗಿನವರು ಬಂದು ರೆಸಾರ್ಟ್, ಬೋಟಿಂಗ್ ಅಂತ ಮಾತಾಡುತ್ತಿದ್ದಾರೆ. ಅದರ ಬದಲು ಊರಿನವರೇ ಉಪ್ಪುನೀರು ತಡೆಯುವ ಕಗ್ಗ ಭತ್ತದ ಗದ್ದೆ, ಉಪ್ಪಿನ ಆಗರ, ಸುಗ್ಗಿ ಕುಣಿತ ಇವನ್ನೆಲ್ಲ ತೋರಿಸಿ ನಾಲ್ಕು ಕಾಸು ಮಾಡಿಕೊಳ್ಳಬಹುದಾ, ಕಾನೂನು ಬಿಡುತ್ತದಾ, ಎಲ್ಲಿಂದ ಶುರು ಮಾಡಬೇಕು ಅಂತ ಕೇಳಿದ್ದೀರಿ.

ಮಾಡಬಹುದು. ನಾನು ಇದೇ ಅಳಿವೆಯ ಇನ್ನೊಂದು ದಡದವನು. ಕೆಲವು ಮನೆಯವರು ಸೇರಿ ನಾಲ್ಕು ವರ್ಷದಿಂದ ಇದನ್ನೇ ಸಣ್ಣದಾಗಿ ಮಾಡುತ್ತಿದ್ದೇವೆ. ಕಾನೂನಿನ ವಿಷಯಕ್ಕೆ ಆಮೇಲೆ ಬರುತ್ತೇನೆ. ನೀರಿನ ಹೊತ್ತಿನ ವಿಷಯ ಅದಕ್ಕಿಂತ ಮುಖ್ಯ, ಅದನ್ನು ಮೊದಲು ಹೇಳಿಬಿಡುತ್ತೇನೆ.

ಮೊದಲ ವರ್ಷ ನಾವು ಶನಿವಾರ, ಭಾನುವಾರ ಬೆಳಿಗ್ಗೆ ಒಂಬತ್ತಕ್ಕೆ ಅಂತ ಸಮಯ ಇಟ್ಟೆವು. ಬೆಂಗಳೂರಿಂದ ಗೋಕರ್ಣಕ್ಕೆ ಬಂದವರಿಗೆ ಅದೇ ಅನುಕೂಲ ಅಲ್ವಾ? ಒಂದು ಭಾನುವಾರ ಗುಂಪು ಬಂದಾಗ ಅಳಿವೆ ತುಂಬಿ ನಿಂತಿತ್ತು. ಕೆಸರಲ್ಲಿ ಸಿಗುವ ಬೆಳಚು, ಅಂದರೆ ಚಿಪ್ಪುಮೀನು, ತೆಗೆಯುವ ದಿಬ್ಬಗಳೆಲ್ಲ ನೀರಿನಡಿ. ಬಂದವರು ನೀರು ನೋಡಿ, "ಇಷ್ಟೇನಾ?" ಅಂದರು. ದುಡ್ಡು ತೆಗೆದುಕೊಂಡಾಗಿತ್ತು. ಅದಕ್ಕೆ ನಾನು ಅಮ್ಮನಿಗೆ ಸ್ವಲ್ಪ ನೀರಿಗಿಳಿದು ತೋರಿಸು ಅಂದೆ. ಅಮ್ಮ ಎದೆಮಟ್ಟದ ನೀರಲ್ಲಿ ನಿಂತು ಕಾಲಲ್ಲಿ ತಡಕಿದಳು. ಏನೂ ಸಿಗಲಿಲ್ಲ. ಎಲ್ಲರೂ ಫೋಟೊ ತೆಗೆದುಕೊಂಡು ಹೋದರು. ರಾತ್ರಿ ಒಲೆ ಮುಂದೆ ಕೂತು ಅಮ್ಮ ಹೇಳಿದ್ದು ಒಂದೇ ಮಾತು: "ನೀರು ಇಳಿಯೋದನ್ನ ಕಾಯೋಕಾಗದವರಿಗೆ ಬೆಳಚು ಯಾಕೆ ತೋರಿಸ್ತೀಯಾ?" ಆ ಮಾತು ನನಗೆ ಇವತ್ತಿಗೂ ಚುಚ್ಚುತ್ತದೆ. ಅವಳ ಕೆಲಸವನ್ನು ನಾನು ಆಟ ಮಾಡಿಬಿಟ್ಟಿದ್ದೆ.

ಆವತ್ತಿಂದ ಗಡಿಯಾರ ಬಿಟ್ಟು ಪಂಚಾಂಗ ಹಿಡಿದೆವು. ನಿಮಗೂ ಗೊತ್ತಿರುತ್ತದೆ, ದಿನಕ್ಕೆರಡು ಸಲ ಭರತ, ಎರಡು ಸಲ ಇಳಿತ. ಇವತ್ತಿನ ಹೊತ್ತಿಗಿಂತ ನಾಳೆಯದು ಸುಮಾರು ಐವತ್ತು ನಿಮಿಷ ತಡ. ಅಮಾವಾಸ್ಯೆ, ಹುಣ್ಣಿಮೆಯ ಹಿಂದುಮುಂದು ನೀರು ತುಂಬ ಇಳಿಯುತ್ತದೆ, ದಿಬ್ಬ ಅಗಲಕ್ಕೆ ತೆರೆದುಕೊಳ್ಳುತ್ತದೆ. ಅಷ್ಟಮಿ ಹೊತ್ತಿಗೆ ಅಷ್ಟಿಲ್ಲ. ಈಗ ಯಾರಾದರೂ ಫೋನ್ ಮಾಡಿದರೆ ನಾವು ಮೊದಲು ತಿಥಿ ನೋಡಿ, ಇಂಥ ದಿನ ಇಷ್ಟು ಹೊತ್ತಿಗೆ ಬನ್ನಿ ಅನ್ನುತ್ತೇವೆ. ಆಗುವುದಿಲ್ಲ ಅಂದವರನ್ನು ಬಿಡುತ್ತೇವೆ. ಬರುವವರು ಕಡಿಮೆಯಾದರು, ನಿಜ. ಆದರೆ ಬಂದವರು ಎರಡು ಮೂರು ತಾಸು ಸುಮ್ನೆ ದಡದಲ್ಲಿ ಕೂತು ನೀರು ಇಳಿಯುವುದನ್ನು ನೋಡುತ್ತಾರೆ. ದಿಬ್ಬದ ಬೆನ್ನು ಮೊದಲು ಮೇಲೆ ಬರುತ್ತದೆ. ಆಮೇಲೆ ಬೆಳ್ಳಕ್ಕಿಗಳು ಇಳಿಯುತ್ತವೆ, ಅವುಗಳ ಹಿಂದೆಯೇ ಬುಟ್ಟಿ ಹಿಡಿದ ಹೆಂಗಸರು. ಹಿಮ್ಮಡಿ ತಿರುಗಿಸಿ ಕೆಸರಲ್ಲಿ ತಡಕುವುದು, ಗಟ್ಟಿ ತಗುಲಿದರೆ ಬಗ್ಗಿ ಎತ್ತುವುದು. ಅಮ್ಮ ಪ್ರತಿಯೊಂದನ್ನೂ ಎರಡು ಬೆರಳ ನಡುವೆ ಹಿಡಿದು ನೋಡುತ್ತಾಳೆ. ಸಣ್ಣದಿದ್ದರೆ ಅದೇ ಜಾಗಕ್ಕೆ ವಾಪಸ್. ಅದನ್ನು ಯಾರೂ ವಿವರಿಸಿ ಹೇಳಬೇಕಾಗಿಲ್ಲ, ಬಂದ ಮಕ್ಕಳೂ ಹಾಗೇ ಮಾಡಲು ಶುರು ಮಾಡುತ್ತವೆ.

ಈಗ ಕಾನೂನು. 2024ರಲ್ಲಿ ಅಘನಾಶಿನಿ ಅಳಿವೆಯ 4,801 ಹೆಕ್ಟೇರ್ ರಾಮ್ಸಾರ್ ಪಟ್ಟಿಗೆ ಸೇರಿತು. ಅಂಕಸಮುದ್ರ, ಮಾಗಡಿ ಕೆರೆ ಕೂಡ ಅದೇ ಸಲ ಸೇರಿದವು. ರಂಗನತಿಟ್ಟು ಅದಕ್ಕಿಂತ ಮೊದಲೇ, 2022ರಲ್ಲಿ. ನಮ್ಮೂರಲ್ಲಿ ಕೆಲವರು ಇನ್ನು ಮೀನೂ ಹಿಡಿಯುವಂತಿಲ್ಲ ಅಂತ ಹೆದರಿದರು. ಇನ್ನು ಕೆಲವರು ಇನ್ನು ದುಡ್ಡೇ ದುಡ್ಡು ಅಂತ ಕುಣಿದರು. ಎರಡೂ ತಪ್ಪು. ರಾಮ್ಸಾರ್ ಒಪ್ಪಂದ ಹೇಳುವುದು, ಜೌಗುನೆಲ ಕೆಡದ ಹಾಗೆ ಅದನ್ನು ಬಳಸಿಕೊಂಡು ಬದುಕಿ ಅಂತ. ಈ ಅಳಿವೆಯನ್ನು ನಂಬಿಕೊಂಡಿರುವ ಕುಟುಂಬಗಳೇ ಆರೇಳು ಸಾವಿರ ಅಂತ ರಾಮ್ಸಾರ್ ವಿವರದಲ್ಲೇ ಬರೆದಿದೆ.

ದಿನದಿನಕ್ಕೆ ನಮ್ಮನ್ನು ಹಿಡಿದಿಡುವುದು ಸಿಆರ್‌ಝಡ್, ಅಂದರೆ ಕರಾವಳಿ ನಿಯಂತ್ರಣ ವಲಯದ 2019ರ ಅಧಿಸೂಚನೆ. ಅದರಲ್ಲಿ ನಮ್ಮಂಥವರಿಗೆ ಅನುಕೂಲವಾದ ಒಂದು ಸಾಲಿದೆ. ಮೀನುಗಾರರೂ ಸೇರಿ ಸ್ಥಳೀಯರು ತಮ್ಮ ಇರುವ ಮನೆಯ ತಳಪಾಯ, ವಿನ್ಯಾಸ, ಹೊರನೋಟ ಬದಲಿಸದೆ ಹೋಮ್‌ಸ್ಟೇ ನಡೆಸಬಹುದು. ಹೊಸ ಕಟ್ಟಡ ಬೇಕಿಲ್ಲ, ಇರುವ ಮನೆಯೇ ಸಾಕು. ಕಾಂಡ್ಲಾ (ಮ್ಯಾಂಗ್ರೋವ್) ಕಾಡಿನ ವಿಷಯ ಮಾತ್ರ ಬಿಗಿ. ಸಾವಿರ ಚದರ ಮೀಟರ್‌ಗಿಂತ ಜಾಸ್ತಿ ಕಾಂಡ್ಲಾ ಇದ್ದರೆ ಸುತ್ತ ಐವತ್ತು ಮೀಟರ್ ಕೂಡ ರಕ್ಷಿತ. ಅಲ್ಲಿ ಮರದ ಕಾಲುದಾರಿ ಹಾಕಬೇಕಾದರೂ ಅದು ಒಪ್ಪಿಗೆಯಾದ ಕರಾವಳಿ ನಿರ್ವಹಣಾ ಯೋಜನೆಯಲ್ಲಿ ಇರಬೇಕು, ಜನರ ಅಹವಾಲು ಕೇಳಿರಬೇಕು. ಆದ್ದರಿಂದ ಯಾರಾದರೂ ನಿಮ್ಮೂರ ಕಾಂಡ್ಲಾ ಪಕ್ಕ ಕಾಟೇಜ್ ಕಟ್ಟಿಕೊಡುತ್ತೇನೆ ಅಂದರೆ, ಆ ಸರ್ವೆ ನಂಬರ್ ಸಿಆರ್‌ಝಡ್ ನಕ್ಷೆಯಲ್ಲಿ ಎಲ್ಲಿ ಬರುತ್ತದೆ ಅಂತ ಮೊದಲು ಕೇಳಿ. ದೋಣಿಯ ಮಾತೂ ಇದೆ. ಮೀನು ಹಿಡಿಯುವ ದೋಣಿಗೆ ಸುಮ್ನೆ ಜನ ಹತ್ತಿಸಬೇಡಿ. ಬಂದರು ಇಲಾಖೆಯಲ್ಲಿ ವಿಚಾರಿಸಿ, ಲೈಫ್ ಜಾಕೆಟ್ ಇಲ್ಲದೆ ಒಂದು ಹೆಜ್ಜೆಯೂ ಬೇಡ. ಅಳಿವೆ ಬಾಯಿಯ ಸೆಳೆತ ನಿಮಗೆ ಗೊತ್ತಿದೆ, ಬಂದವರಿಗೆ ಗೊತ್ತಿರುವುದಿಲ್ಲ.

ತೋರಿಸಲು ಏನಿದೆ ಅಂತ ಯೋಚಿಸುವಾಗ ಹೊಸದೇನನ್ನೂ ಕಟ್ಟಲು ಹೋಗಬೇಡಿ. ಅಳಿವೆ ದಂಡೆಯ ತಗ್ಗು ಗದ್ದೆ, ಅಂದರೆ ಗಜನಿಯೊಂದೇ ಸಾಕು ಅಂತ ನನಗನಿಸುತ್ತದೆ. ಒಂದೇ ನೆಲ, ಮಳೆಗಾಲದಲ್ಲಿ ಗದ್ದೆ, ಆಮೇಲೆ ಮೀನಿನ ಕೆರೆ. ಮಳೆ ಬಿದ್ದು ಮಣ್ಣಿನ ಉಪ್ಪು ತೊಳೆದುಹೋದಮೇಲೆ ಕಗ್ಗ ಎದ್ದು ನಿಲ್ಲುತ್ತದೆ. ಎತ್ತರದ ಪೈರು, ನೆರೆ ಬಂದು ಕೆಲವು ದಿನ ಮುಳುಗಿದರೂ ಸಾಯುವುದಿಲ್ಲ, ಸ್ವಲ್ಪ ಉಪ್ಪುನೀರು ನುಗ್ಗಿದರೂ ತಡೆದುಕೊಳ್ಳುತ್ತದೆ. ಗೊಬ್ಬರವಿಲ್ಲ, ಔಷಧಿಯಿಲ್ಲ. ಕೊಯ್ಲಿಗೆ ನೀರಲ್ಲೇ ನಿಂತು ತೆನೆಯನ್ನಷ್ಟೇ ಕೊಯ್ಯುತ್ತಾರೆ, ಹುಲ್ಲು ಅಲ್ಲೇ ಬಿಡುತ್ತಾರೆ. ಆಮೇಲೆ ಕಟ್ಟೆಯ ಬಾಗಿಲ ಹಲಗೆ ಎತ್ತಿ ಅಳಿವೆ ನೀರು ಒಳಗೆ ಬಿಟ್ಟರೆ ಸೀಗಡಿ, ಮೀನು ಅದೇ ಹುಲ್ಲಿನ ನಡುವೆ ಬೆಳೆಯುತ್ತವೆ. ಇದೇ ಅಳಿವೆಯ ಮಾಣಿಕಟ್ಟಾ ಊರಿನವರು ಕಗ್ಗ ಉಳಿಸಿಕೊಂಡು ಬಂದಿರದಿದ್ದರೆ ಇವತ್ತು ನಾವು ಯಾವ ಬಾಯಲ್ಲಿ ಅದರ ಹೆಸರು ಹೇಳುತ್ತಿದ್ದೆವು? ಬಂದವರಿಗೆ ನಾವು ಮಧ್ಯಾಹ್ನ ಕೊಡುವುದು ಕಗ್ಗದ ಕೆಂಪು ಅನ್ನ, ಬೆಳಚಿನ ಸುಕ್ಕ. ಅಕ್ಕಿ ಬೇಕು ಅಂದವರಿಗೆ ಅಂಗಡಿ ದರಕ್ಕಿಂತ ಜಾಸ್ತಿ ಹೇಳುತ್ತೇವೆ, ಕೊಡುತ್ತಾರೆ. ಗದ್ದೆ ಪಾಳು ಬಿಟ್ಟಿದ್ದ ಎರಡು ಮನೆಯವರು ಮತ್ತೆ ಬಿತ್ತಿದ್ದಾರೆ. ನಾಲ್ಕು ವರ್ಷದಲ್ಲಿ ನನಗೆ ಅತಿ ಸಂತೋಷ ಕೊಟ್ಟಿದ್ದು ಅದೇ.

ಸಾಣಿಕಟ್ಟಾದ ಉಪ್ಪಿನ ಆಗರ ಬೇಸಿಗೆಯ ಕೆಲಸ. ಭರತದ ನೀರು ಒಳಗೆ ತೆಗೆದು, ಆಗರದಿಂದ ಆಗರಕ್ಕೆ ಹಾಯಿಸಿ, ಬಿಸಿಲಿಗೆ ಗಟ್ಟಿ ಮಾಡಿ ಎಳೆಯುವುದು. ಅಲ್ಲಿನವರ ಒಪ್ಪಿಗೆ ಇಲ್ಲದೆ ಜನ ಕರೆದುಕೊಂಡು ಹೋಗಬೇಡಿ. ಆಗರದ ನೆಲವನ್ನು ವರ್ಷವರ್ಷ ತುಳಿದು ಸಮ ಮಾಡಿರುತ್ತಾರೆ. ಒಬ್ಬ ಬೂಟು ಹಾಕಿಕೊಂಡು ಇಳಿದರೆ ಅದು ಹಾಳು.

ಈ ನದಿಗೆ ಅಣೆಕಟ್ಟು ಇಲ್ಲ ಅನ್ನುವುದನ್ನೂ ಬಂದವರಿಗೆ ಹೇಳಿ. ಪಕ್ಕದ ಶರಾವತಿಯಲ್ಲಿ ವಿದ್ಯುತ್ ಉತ್ಪಾದಿಸಿದಮೇಲೆ ಬಿಡುವ ಸಿಹಿನೀರು ವರ್ಷವಿಡೀ ಇಳಿದು ಅಳಿವೆಯ ಉಪ್ಪು ಕಡಿಮೆಯಾಗಿ ಬೆಳಚಿಗೆ ಹೊಡೆತ ಬಿತ್ತು. ನಮ್ಮಲ್ಲಿ ಸಿಹಿ, ಉಪ್ಪು ಹದವಾಗಿ ಸೇರುವುದರಿಂದಲೇ ಇದೆಲ್ಲ ಇದೆ. ಅಳಿವೆ ಬಾಯಿಯ ತದಡಿಗೆ ಉಷ್ಣ ವಿದ್ಯುತ್ ಸ್ಥಾವರ, ದೊಡ್ಡ ಬಂದರು ಅಂತ ಯೋಜನೆಗಳು ಬಂದಾಗ ಜನ ಎದ್ದು ನಿಂತಿದ್ದು ಈ ಹದಕ್ಕಾಗಿ.

ಸುಗ್ಗಿಯ ಬಗ್ಗೆ ನನ್ನದು ಸ್ವಲ್ಪ ಗಟ್ಟಿ ಅಭಿಪ್ರಾಯ. ಡಿಸೆಂಬರ್ ರಜೆಯಲ್ಲಿ ಬಂದ ಒಂದು ಗುಂಪು, ನಮ್ಮ ಕಡೆಯ ಹಾಲಕ್ಕಿ ಒಕ್ಕಲಿಗರ ಸುಗ್ಗಿ ಕುಣಿತ ಒಂದರ್ಧ ಗಂಟೆ ಇಡಿಸಿ, ದುಡ್ಡು ಎಷ್ಟಾದರೂ ಕೊಡುತ್ತೇವೆ ಅಂದಿತು. ನಮ್ಮ ಊರಗೌಡರ ಹತ್ತಿರ ಹೋಗಿ ಕೇಳಿದೆ. ಅವರು ಸಿಟ್ಟಾಗಲಿಲ್ಲ. "ತಮಾ, ಸುಗ್ಗಿ ಹೋಳಿ ಹುಣ್ಣಿಮೆಗೆ. ಅದು ದೇವರ ಕೆಲಸ" ಅಂದರು, ಅಷ್ಟೇ. ನಾನು ಬಂದವರಿಗೆ ಹಾಗೇ ಹೇಳಿದೆ. ಆ ಗುಂಪಿನಲ್ಲಿದ್ದ ಇಬ್ಬರು ಮುಂದಿನ ಹೋಳಿಗೆ ಬಂದು ಮನೆಮನೆಗೆ ಸುಗ್ಗಿ ಬರುವುದನ್ನು ಅಂಗಳದಲ್ಲಿ ನಿಂತು ನೋಡಿದರು. ತುರಾಯಿ ಕಟ್ಟಿದ ತಲೆಗಳು, ಗುಮಟೆಯ ಸದ್ದು, ಅಂಗಳದಲ್ಲಿ ಹಿರಿಯರಿಗೆ ಕೈ ಮುಗಿಯುವುದು. ಅದನ್ನು ವೇದಿಕೆ ಮೇಲೆ ತೋರಿಸಲು ಆಗುವುದಿಲ್ಲ. ಅಂಕೋಲೆಯ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡರಿಗೆ 2017ರಲ್ಲಿ ಪದ್ಮಶ್ರೀ ಬಂದಾಗ ನಾವೆಲ್ಲ ಹೆಮ್ಮೆಪಟ್ಟೆವು. ಅವರ ಹಾಡುಗಳು ಹುಟ್ಟಿದ್ದು ಗದ್ದೆಯಲ್ಲಿ, ಮದುವೆಮನೆಯಲ್ಲಿ. ಹಾಡು ಕೇಳಬೇಕಾದವರು ಆ ಹೊತ್ತಿಗೆ ಅಲ್ಲಿಗೆ ಬರಲಿ.

ಶುರು ಎಲ್ಲಿಂದ ಅಂತ ಕೇಳಿದಿರಿ. ಮೊದಲು ಬೆಳಚು ತೆಗೆಯುವ ಹೆಂಗಸರ ಮನೆಗಳಿಗೆ ಹೋಗಿ, ಪಂಚಾಯ್ತಿಗೆ ಆಮೇಲೆ. ಸಾಮಾನ್ಯವಾಗಿ ಸಮಿತಿ ಮಾಡುವಾಗ ದೋಣಿ ಇದ್ದವರು, ಮನೆಗೆ ಹೊಸ ಕೋಣೆ ಇದ್ದವರು ಮುಂದೆ ಬಂದು ಕೂರುತ್ತಾರೆ. ದಿಬ್ಬದ ಮೇಲೆ ನಡೆಯುವವರಿಗೆ ಕುರ್ಚಿ ಸಿಗುವುದಿಲ್ಲ. ನಮ್ಮಲ್ಲೂ ಹಾಗೇ ಆಗಿತ್ತು. ಈಗ ನಮ್ಮ ನಿಯಮ ಹೀಗೆ: ಯಾರ ಕೆಲಸ ತೋರಿಸುತ್ತೇವೋ, ಇವತ್ತು ಬೇಡ ಅನ್ನುವ ಹಕ್ಕು ಅವರದು. ಕಾರಣ ಕೇಳುವಂತಿಲ್ಲ. ಒಂದು ಗುಂಪಿಗೆ ಎಂಟೇ ಜನ. ದೋಣಿ ಸರದಿ ಪ್ರಕಾರ. ದುಡ್ಡಿನ ಪುಸ್ತಕ ಒಂದೇ, ತಿಂಗಳಿಗೊಮ್ಮೆ ಎಲ್ಲರ ಮುಂದೆ ಗಟ್ಟಿಯಾಗಿ ಓದುತ್ತೇವೆ. ಓದು ಬರದವರೂ ಲೆಕ್ಕ ಕೇಳಬೇಕಲ್ಲ.

ಇಷ್ಟು ಕೂಡಿ ಬಂದಮೇಲೆ ಗ್ರಾಮಸಭೆಯಲ್ಲಿ ಇಡಿ, ಠರಾವು ಬರೆಸಿ. ಪ್ರತಿ ಪಂಚಾಯ್ತಿಯಲ್ಲೂ ಜೀವವೈವಿಧ್ಯ ನಿರ್ವಹಣಾ ಸಮಿತಿ ಇರಬೇಕು ಅಂತ ಕಾನೂನಿದೆ. ಹೆಚ್ಚಿನ ಕಡೆ ಅದು ಕಾಗದದಲ್ಲೇ ಇರುತ್ತದೆ. ಅದನ್ನು ಎಬ್ಬಿಸಿ, ಬೆಳಚು, ಕಗ್ಗ, ಕಾಂಡ್ಲಾ ಎಲ್ಲ ದಾಖಲೆಗೆ ಸೇರಿಸಿ. ನಾಳೆ ದೊಡ್ಡವರು ಯಾರಾದರೂ ಬಂದರೆ ನಿಮ್ಮ ಕೈಯಲ್ಲಿ ಕಾಗದ ಇರುತ್ತದೆ.

ಬೇರೆ ಕಡೆ ನಡೆದಿದೆಯಾ ಅಂದರೆ ನಡೆದಿದೆ. ಒಡಿಶಾದ ಚಿಲಿಕಾ ಸರೋವರದ ದಡದಲ್ಲಿ ಮಂಗಳಾಜೋಡಿ ಅಂತ ಊರಿದೆ. ಅಲ್ಲಿ ಮೊದಲು ಹಕ್ಕಿ ಬೇಟೆಯಾಡಿ ಮಾರುತ್ತಿದ್ದವರೇ ಈಗ ಕೋಲು ಊರಿ ದೋಣಿ ನಡೆಸಿ ಹಕ್ಕಿ ತೋರಿಸುತ್ತಾರೆ. ಹಕ್ಕಿ ಎಲ್ಲಿ ಕೂರುತ್ತದೆ ಅಂತ ಬೇಟೆಗಾರನಿಗಿಂತ ಚೆನ್ನಾಗಿ ಯಾರಿಗೆ ಗೊತ್ತು? ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿನಲ್ಲಿ ಜನ ಹುಣಸೆ ಫಸಲು ಹೋದರೂ ಹೆಜ್ಜಾರ್ಲೆಗಳನ್ನು ಮನೆ ಹಿತ್ತಲಲ್ಲೇ ಗೂಡು ಕಟ್ಟಲು ಬಿಟ್ಟರು. 2007ರಲ್ಲಿ ಅದು ಸಮುದಾಯ ಮೀಸಲು ಪ್ರದೇಶವಾಯಿತು. ಎರಡೂ ಕಡೆ ಊರಿನವರೇ ಮೊದಲು, ಪ್ರವಾಸಿಗರು ಆಮೇಲೆ.

ಇದರಿಂದ ಸಂಸಾರ ಪೂರ್ತಿ ಸಾಗುತ್ತದೆ ಅಂದುಕೊಳ್ಳಬೇಡಿ. ನಮ್ಮಲ್ಲಿ ಯಾರೂ ಬೆಳಚು ಬಿಟ್ಟಿಲ್ಲ, ಗದ್ದೆ ಬಿಟ್ಟಿಲ್ಲ. ಬಿಡಬಾರದು ಅಂತಲೇ ಇದನ್ನು ಮಾಡಿದ್ದು. ಮಳೆಗಾಲದಲ್ಲಿ ಪೂರಾ ಬಂದ್ ಮಾಡುತ್ತೇವೆ. ಉಳಿದ ದಿನ ಬರುವ ದುಡ್ಡಲ್ಲಿ ಕಟ್ಟೆಯ ಬಾಗಿಲ ಹಲಗೆ ಬದಲಾಯಿಸಿದ್ದೇವೆ, ಶಾಲೆ ಮಕ್ಕಳಿಗೆ ಎರಡು ದುರ್ಬೀನು ತಂದಿದ್ದೇವೆ.

ನೀವು ಇದೇ ಅಳಿವೆಯವರಾದ್ದರಿಂದ ಬಂದು ನೋಡುವುದು ಸುಲಭ. ಊರಿನ ಇಬ್ಬರು ಮೂವರು ಹೆಂಗಸರನ್ನೂ ಕರೆದುಕೊಂಡು ಬನ್ನಿ, ಅವರು ಅಮ್ಮನ ಹತ್ತಿರ ನೇರ ಮಾತಾಡಲಿ. ಅಮಾವಾಸ್ಯೆಯ ಮರುದಿನ ಒಳ್ಳೆಯದು. ಹಳೆ ಬಟ್ಟೆ ಹಾಕಿಕೊಂಡು ಬನ್ನಿ, ಕೆಸರು ಮೊಣಕಾಲವರೆಗೂ ಬರುತ್ತದೆ.