ಓದುಗರ ಪ್ರಶ್ನೆಗೆ ವೈದ್ಯ ವಿಜ್ಞಾನದ ಉತ್ತರ: ಸಿನಾಪ್ಸ್ ಕೆಟ್ಟರೆ ಏನಾಗುತ್ತದೆ?

ಪ್ರಶ್ನೆ: ನನ್ನ ಮಗನಿಗೆ ನಾಲ್ಕು ವರ್ಷ. ಮಾತು ತಡವಾಗಿದೆ, ಮುಖ ನೋಡಿ ಮಾತಾಡುವುದಿಲ್ಲ, ಮಿಕ್ಸಿ ಹಾಕಿದರೆ ಕಿವಿ ಮುಚ್ಚಿಕೊಂಡು ಅಳುತ್ತಾನೆ. ರಕ್ತ ಪರೀಕ್ಷೆಯ ನಂತರ ಇದು ‘ಫ್ರಜೈಲ್ ಎಕ್ಸ್’ ಎಂಬ ಆನುವಂಶಿಕ ಕಾಯಿಲೆ, ಮಿದುಳಿನ ಸಿನಾಪ್ಸ್‌ಗಳು ಸರಿಯಾಗಿ ಬಲಿತಿಲ್ಲ ಎಂದು ವೈದ್ಯರು ಹೇಳಿದರು. ಸಿನಾಪ್ಸ್ ಎಂದರೇನು? ಬಸಿರಿನಲ್ಲಿ ನಾನು ಸರಿಯಾಗಿ ಊಟ ಮಾಡದೆ ಹೀಗಾಯಿತೆಂದು ಮನೆಯವರು ಹೇಳುತ್ತಾರೆ. ಟಾನಿಕ್ ಕೊಟ್ಟರೆ ಸರಿಹೋಗುತ್ತದೆಯೇ? ನನ್ನ ತಂದೆಗೂ ಈಚೆಗೆ ಕೈನಡುಕ ಶುರುವಾಗಿದೆ. ಅದಕ್ಕೂ ಇದಕ್ಕೂ ಸಂಬಂಧವಿದೆಯೇ?
– ಒಬ್ಬ ತಾಯಿ, ದಾವಣಗೆರೆ

ಉತ್ತರ: ಬಸಿರಿನಲ್ಲಿ ನೀವು ಏನು ಉಂಡಿರಿ, ಏನು ಬಿಟ್ಟಿರಿ ಎಂಬುದಕ್ಕೂ ಈ ಕಾಯಿಲೆಗೂ ಯಾವ ಸಂಬಂಧವೂ ಇಲ್ಲ. ದಯವಿಟ್ಟು ಈ ಮಾತನ್ನು ಮನೆಯವರಿಗೂ ಓದಿ ಹೇಳಿ.

ಒಂದು ನರಕೋಶವು ಇನ್ನೊಂದಕ್ಕೆ ಸಂದೇಶ ದಾಟಿಸುವ ಜಾಗವೇ ಸಿನಾಪ್ಸ್. ಅಲ್ಲಿ ಎರಡು ಕೋಶಗಳ ನಡುವೆ ಮಿಲಿಮೀಟರಿನ ಸುಮಾರು 50 ಸಾವಿರದ ಒಂದು ಪಾಲಿನಷ್ಟು ಕಿರಿದಾದ ಸಂದು ಇರುತ್ತದೆ. ಈಚೆಯ ಕೋಶ ಬಿಡುಗಡೆ ಮಾಡಿದ ರಾಸಾಯನಿಕ ಆ ಸಂದನ್ನು ದಾಟಿ ಆಚೆಯ ಕೋಶದ ಗ್ರಾಹಕಗಳನ್ನು ಸೇರುತ್ತದೆ. ಮಗು ಗರ್ಭದಲ್ಲಿರುವಾಗಲೇ ನರಕೋಶದ ಎಳೆಗಳು ರಾಸಾಯನಿಕ ಸುಳಿವುಗಳನ್ನು ಅನುಸರಿಸಿ ಬೆಳೆಯುತ್ತ ಜೊತೆಗಾರ ಕೋಶವನ್ನು ತಲುಪುತ್ತವೆ. ಆಗ ಈ ಬದಿಯ ನ್ಯೂರೆಕ್ಸಿನ್ ಮತ್ತು ಆ ಬದಿಯ ನ್ಯೂರೋಲಿಜಿನ್ ಎಂಬ ಪ್ರೋಟೀನುಗಳು ಒಂದನ್ನೊಂದು ಹಿಡಿದುಕೊಳ್ಳುತ್ತವೆ, ಸಂದೇಶ ಕಳಿಸುವ ಮತ್ತು ಪಡೆಯುವ ಸಲಕರಣೆಗಳು ಎರಡೂ ಕಡೆ ಬಂದು ಸೇರತೊಡಗುತ್ತವೆ.

ಹೀಗೆ ಹುಟ್ಟಿದ ಸಿನಾಪ್ಸ್ ಕೊನೆಯವರೆಗೂ ಒಂದೇ ರೀತಿ ಇರುವುದಿಲ್ಲ. ಮೊಲದ ಮಿದುಳಿನ ಹಿಪೊಕ್ಯಾಂಪಸ್ ಭಾಗಕ್ಕೆ ಹೋಗುವ ನರತಂತುಗಳನ್ನು ಅಲ್ಪಕಾಲ ವೇಗವಾಗಿ ಪ್ರಚೋದಿಸಿದರೆ ಅಲ್ಲಿನ ಸಿನಾಪ್ಸ್‌ಗಳು ಮುಂದೆ ಗಂಟೆಗಟ್ಟಲೆ ಹೆಚ್ಚು ಬಲವಾಗಿ ಸ್ಪಂದಿಸುತ್ತವೆ ಎಂದು ಟಿಮ್ ಬ್ಲಿಸ್ ಮತ್ತು ಟೆರ್ಯೆ ಲೋಮೊ 1973ರಲ್ಲಿ ವರದಿ ಮಾಡಿದರು. ಎರಡೂ ಬದಿಯ ಕೋಶಗಳು ಒಟ್ಟಿಗೆ ಸಕ್ರಿಯವಾದಾಗ ಕ್ಯಾಲ್ಸಿಯಂ ಒಳನುಗ್ಗುತ್ತದೆ, ಗ್ರಾಹಕಗಳ ಸಂಖ್ಯೆ ಏರುತ್ತದೆ, ಸಂದೇಶ ಪಡೆಯುವ ಮುಳ್ಳಿನಂಥ ಚಾಚು ದಪ್ಪವಾಗುತ್ತದೆ. ಬಳಕೆಯಾಗದ ಸಂಪರ್ಕ ದುರ್ಬಲವಾಗಿ ಕಳಚಿಕೊಳ್ಳಬಹುದು. ಈ ಕಳಚುವಿಕೆಯೂ ಆರೋಗ್ಯವಂತ ಬೆಳವಣಿಗೆಯೇ ಎಂಬುದನ್ನು ಒತ್ತಿ ಹೇಳಬೇಕಾಗಿದೆ: ಮಿದುಳಿನ ಮುಂಭಾಗದಲ್ಲಿ ಸಿನಾಪ್ಸ್‌ಗಳ ದಟ್ಟಣೆ ಒಂದೆರಡು ವರ್ಷದ ಮಗುವಿನಲ್ಲಿ ವಯಸ್ಕರಿಗಿಂತ ಸುಮಾರು ಅರ್ಧದಷ್ಟು ಹೆಚ್ಚಿದ್ದು, ಹದಿಹರೆಯದವರೆಗೆ ಇಳಿಯುತ್ತ ಬರುತ್ತದೆ ಎಂಬುದನ್ನು ಪೀಟರ್ ಹುಟೆನ್‌ಲೋಕರ್ 1979ರಲ್ಲಿ ತೋರಿಸಿದರು.

ಇನ್ನು ನಿಮ್ಮ ಮಗನ ವಿಚಾರ. ಎಕ್ಸ್ ಕ್ರೋಮೋಸೋಮಿನ ಎಫ್‌ಎಂಆರ್1 ಎಂಬ ಜೀನಿನಲ್ಲಿ ‘ಸಿಜಿಜಿ’ ಎಂಬ ಮೂರಕ್ಷರದ ತುಣುಕು ಸಾಮಾನ್ಯವಾಗಿ ಸುಮಾರು 30 ಸಲ ಸಾಲಾಗಿ ಬರುತ್ತದೆ. ಇದು 200ನ್ನು ಮೀರಿದರೆ ಜೀನು ಕೆಲಸ ನಿಲ್ಲಿಸಿ, ಅದು ತಯಾರಿಸಬೇಕಾದ ಪ್ರೋಟೀನು ಇಲ್ಲವಾಗುತ್ತದೆ. ಸಿನಾಪ್ಸ್‌ನ ಬಳಿ ಇತರ ಪ್ರೋಟೀನುಗಳು ಅತಿಯಾಗಿ ತಯಾರಾಗದಂತೆ ಬ್ರೇಕ್ ಹಾಕುವುದು ಆ ಪ್ರೋಟೀನಿನ ಮುಖ್ಯ ಕೆಲಸ. ಅದಿಲ್ಲದಾಗ ಚಾಚುಗಳು ಗಿಡ್ಡವಾಗಿ, ದಪ್ಪ ತಲೆ ಮೂಡಿ ಬಲಿಯುವ ಬದಲು ಉದ್ದವಾಗಿ, ತೆಳ್ಳಗೆ, ಎಳಸಾಗಿಯೇ ಉಳಿಯುತ್ತವೆ, ಸಂಖ್ಯೆಯಲ್ಲೂ ಹೆಚ್ಚಾಗಿರುತ್ತವೆ. ವೈದ್ಯರು ‘ಬಲಿತಿಲ್ಲ’ ಎಂದದ್ದರ ಅರ್ಥ ಇದು. ಅಂದ ಮೇಲೆ ಇಲ್ಲಿ ಪೋಷಣೆಯ ಕೊರತೆಯಿಲ್ಲ, ಯಾವ ಟಾನಿಕ್ಕೂ ನಿಂತುಹೋದ ಜೀನನ್ನು ಚಾಲೂ ಮಾಡಲಾರದು. ಇಲಿಗಳಲ್ಲಿ ಆಶಾದಾಯಕವಾಗಿ ಕೆಲಸ ಮಾಡಿದ್ದ ಮ್ಯಾವೊಗ್ಲುರಾಂಟ್ ಎಂಬ ಔಷಧವೇ ಮನುಷ್ಯರ ಮೇಲಿನ ಪ್ರಯೋಗಗಳಲ್ಲಿ ನಿರೀಕ್ಷಿಸಿದ ಫಲ ಕೊಡಲಿಲ್ಲ. ಟಾನಿಕ್ಕಿನ ಹಣವನ್ನು ವಾಕ್ ಚಿಕಿತ್ಸೆಗೂ, ಸದ್ದು ಮತ್ತು ಸ್ಪರ್ಶವನ್ನು ತಾಳಿಕೊಳ್ಳಲು ನೆರವಾಗುವ ಆಕ್ಯುಪೇಷನಲ್ ಥೆರಪಿಗೂ ಬಳಸಿ. ನಾಲ್ಕರ ವಯಸ್ಸಿನಲ್ಲಿ ಸಿನಾಪ್ಸ್‌ಗಳು ಇನ್ನೂ ಬಹಳ ಬದಲಾಗುತ್ತಿರುತ್ತವೆ, ಆದ್ದರಿಂದ ಈಗಲೇ ಆರಂಭಿಸುವುದು ಒಳ್ಳೆಯದು.

ತಂದೆಯವರ ನಡುಕದ ಬಗ್ಗೆ ನೀವು ಕೇಳಿದ್ದು ಬಹಳ ಮುಖ್ಯವಾದ ಪ್ರಶ್ನೆ. ಆ ತುಣುಕು 55ರಿಂದ 200ರವರೆಗೆ ಇರುವವರಿಗೆ ಬಾಲ್ಯದಲ್ಲಿ ಈ ಕಾಯಿಲೆ ಕಾಣಿಸಿಕೊಳ್ಳುವುದಿಲ್ಲ, ಆದರೆ ಅಂಥ ಗಂಡಸರಲ್ಲಿ ಕೆಲವರಿಗೆ 50 ದಾಟಿದ ಮೇಲೆ ಕೈನಡುಕ ಮತ್ತು ನಡಿಗೆಯಲ್ಲಿ ತೂಕ ತಪ್ಪುವುದು ಕಾಣಿಸಿಕೊಳ್ಳುತ್ತದೆ. ತಂದೆ ತನ್ನ ಎಕ್ಸ್ ಕ್ರೋಮೋಸೋಮನ್ನು ಎಲ್ಲ ಹೆಣ್ಣುಮಕ್ಕಳಿಗೂ ಕೊಡುತ್ತಾನೆ. ತಾಯಿಯಿಂದ ಮಗುವಿಗೆ ದಾಟುವಾಗ ಆ ಸಾಲು ಉದ್ದವಾಗಿ 200ನ್ನು ಮೀರಬಹುದು. ನಡುಕಕ್ಕೆ ಬೇರೆ ಕಾರಣಗಳೂ ಇರುವುದರಿಂದ ನಾನು ಇಲ್ಲಿಂದಲೇ ತೀರ್ಮಾನ ಹೇಳುವುದು ಸರಿಯಲ್ಲ. ಅವರನ್ನು ನರರೋಗ ತಜ್ಞರ ಬಳಿ ಕರೆದುಕೊಂಡು ಹೋಗುವಾಗ ಮೊಮ್ಮಗನ ವರದಿಯನ್ನು ತಪ್ಪದೆ ತೋರಿಸಿ. ಇನ್ನೊಂದು ಮಗುವಿನ ಯೋಚನೆಯಿದ್ದರೆ ನೀವು, ಹಾಗೆಯೇ ನಿಮ್ಮ ಅಕ್ಕತಂಗಿಯರು, ಮೊದಲು ಆನುವಂಶಿಕ ಸಮಾಲೋಚನೆ ಪಡೆಯಿರಿ. ಜೀನು ಯಾರ ಕಡೆಯಿಂದ ಬಂದಿತೆಂಬುದು ಯಾರ ತಪ್ಪೂ ಅಲ್ಲ.

ಪ್ರಶ್ನೆ: ಪರೀಕ್ಷೆಯ ಒತ್ತಡದಿಂದ ಸಿನಾಪ್ಸ್‌ಗಳು ನಾಶವಾಗುತ್ತವೆ ಎಂದು ಕೇಳಿದ್ದೇನೆ. ನಿಜವೇ?
– ಪದವಿ ವಿದ್ಯಾರ್ಥಿನಿ, ಧಾರವಾಡ

ಉತ್ತರ: ಅರ್ಧ ನಿಜ, ಅದೂ ಮಿದುಳಿನ ಯಾವ ಭಾಗ ಎಂಬುದರ ಮೇಲೆ ಅವಲಂಬಿಸಿದೆ. ಬೆಂಗಳೂರಿನ ರಾಷ್ಟ್ರೀಯ ಜೀವವಿಜ್ಞಾನ ಕೇಂದ್ರದಲ್ಲಿ ಸುಮಂತ್ರ ಚಟರ್ಜಿ ಮತ್ತು ಸಂಗಡಿಗರು ಇಲಿಗಳನ್ನು ದಿನಕ್ಕೆ ಎರಡು ಗಂಟೆಯಂತೆ ಹತ್ತು ದಿನ ಅಲುಗಾಡದಂತೆ ಇರಿಸಿ ನೋಡಿದರು. ನೆನಪಿಗೆ ಬೇಕಾದ ಹಿಪೊಕ್ಯಾಂಪಸ್‌ನಲ್ಲಿ ನರಕೋಶಗಳ ಕವಲುಗಳು ಕುಗ್ಗಿದ್ದರೆ, ಭಯಕ್ಕೆ ಸಂಬಂಧಿಸಿದ ಅಮಿಗ್ಡಲಾದಲ್ಲಿ ಅವು ಇನ್ನಷ್ಟು ಬೆಳೆದಿದ್ದವು. ಇದು 2002ರ ವರದಿ. ಒತ್ತಡ ನಿಂತು ಮೂರು ವಾರ ಕಳೆದಾಗ ಹಿಪೊಕ್ಯಾಂಪಸ್ ಚೇತರಿಸಿಕೊಂಡಿತ್ತು, ಅಮಿಗ್ಡಲಾದ ಬೆಳವಣಿಗೆ ಮಾತ್ರ ಹಾಗೆಯೇ ಉಳಿದಿತ್ತು. ಸಂಪರ್ಕ ಹೆಚ್ಚಾದಷ್ಟೂ ಒಳ್ಳೆಯದು ಎಂಬ ಜಾಹೀರಾತುಗಳ ಮಾತನ್ನು ನಾನು ಒಪ್ಪದಿರುವುದಕ್ಕೆ ಇದೂ ಒಂದು ಕಾರಣ. ಇಲಿಗಳ ಈ ಫಲಿತಾಂಶವನ್ನು ಒಂದು ಸೆಮಿಸ್ಟರಿನ ಆತಂಕಕ್ಕೆ ನೇರವಾಗಿ ಹೊಂದಿಸಬಾರದು. ಆದರೆ ನಿದ್ದೆಯಿಲ್ಲದೆ, ಹೆದರಿಕೆಯಲ್ಲೇ ವಾರಗಟ್ಟಲೆ ಕಳೆಯುತ್ತಿದ್ದರೆ ವೈದ್ಯರನ್ನು ಕಾಣಲು ಸಂಕೋಚಪಡಬೇಡಿ.

ಪ್ರಶ್ನೆ: ಅಮ್ಮನಿಗೆ ಆಲ್ಝೈಮರ್ ಕಾಯಿಲೆ. ಡೊನೆಪೆಜಿಲ್ ಮಾತ್ರೆ ತೆಗೆದುಕೊಂಡರೂ ಮರೆವು ಕಡಿಮೆಯಾಗಿಲ್ಲ. ನಿಲ್ಲಿಸಬಹುದೇ?
– ಓದುಗರು, ಮೈಸೂರು

ಉತ್ತರ: ನೀವಾಗಿ ನಿಲ್ಲಿಸಬೇಡಿ. ಈ ಕಾಯಿಲೆಯಲ್ಲಿ ಮರೆವಿನ ತೀವ್ರತೆಯು ಸಿನಾಪ್ಸ್‌ಗಳ ನಷ್ಟದೊಂದಿಗೆ ಬಹಳ ಹತ್ತಿರದಿಂದ ಹೊಂದಿಕೊಳ್ಳುತ್ತದೆಂದು 1991ರಲ್ಲಿಯೇ ರಾಬರ್ಟ್ ಟೆರಿ ಅವರ ತಂಡ ತೋರಿಸಿತ್ತು. ಡೊನೆಪೆಜಿಲ್ ಆ ನಷ್ಟವನ್ನು ತಡೆಯುವುದಿಲ್ಲ. ಉಳಿದಿರುವ ಸಿನಾಪ್ಸ್‌ಗಳಲ್ಲಿ ಅಸಿಟೈಲ್‌ಕೋಲೀನ್ ಎಂಬ ಸಂದೇಶವಾಹಕ ಬೇಗ ಒಡೆದುಹೋಗದಂತೆ ಅದು ನೋಡಿಕೊಳ್ಳುತ್ತದೆ, ಅಷ್ಟೆ. ಹಾಗಾಗಿ ನೆನಪು ಮರಳದಿದ್ದರೂ ಸ್ನಾನ, ಊಟದಂಥ ನಿತ್ಯದ ಕೆಲಸಗಳು ಸ್ವಲ್ಪ ಕಾಲ ಉಳಿದುಕೊಳ್ಳಬಹುದು, ಥಟ್ಟನೆ ನಿಲ್ಲಿಸಿದರೆ ಅವು ಕೈಬಿಡಬಹುದು. ನಾಡಿ ನಿಧಾನವಾಗುವುದು, ವಾಂತಿ, ಭೇದಿ, ತಲೆಸುತ್ತು ಕಂಡುಬಂದರೆ ಮಾತ್ರ ತಡಮಾಡದೆ ವೈದ್ಯರಿಗೆ ತಿಳಿಸಿ. ಪ್ರಮಾಣ ಇಳಿಸಬೇಕೋ ಬೇರೆ ಮಾತ್ರೆ ಕೊಡಬೇಕೋ ಎಂಬುದನ್ನು ಅವರು ಹೇಳುತ್ತಾರೆ.