ಆ್ಯಪ್-ವಿ (ಆ್ಯಪ್‌ಗಳನ್ನು ಇನ್‌ಸ್ಟಾಲ್ ಮಾಡದೆ ಪ್ಯಾಕೇಜ್ ರೂಪದಲ್ಲಿ ಓಡಿಸುವ ಮೈಕ್ರೋಸಾಫ್ಟ್ ತಂತ್ರಾಂಶ): ಮೂರು ಪ್ಯಾಕೇಜ್‌ಗಳಿಗೂ ಒಂದೇ ಜಾವಾ ಬೇಕು, ಪ್ರತಿಯೊಂದರಲ್ಲೂ ಸೇರಿಸಬೇಕಾ?

ಬೇಡ. ಪ್ರತಿಯೊಂದರಲ್ಲೂ ತುಂಬಿದರೆ ನಾಳೆ ಜಾವಾ ಬದಲಾದಾಗ ಮೂರನ್ನೂ ಮತ್ತೆ ಕಟ್ಟಬೇಕಾಗುತ್ತದೆ, ಅಲ್ವಾ?

ಜಾವಾವನ್ನೇ ಒಂದು ಬೇರೆ ಪ್ಯಾಕೇಜ್ ಮಾಡಿ. ಆಮೇಲೆ ಪ್ರತಿ ಆ್ಯಪ್‌ಗೂ ಜಾವಾಗೂ ಸೇರಿಸಿ ಒಂದು ಕನೆಕ್ಷನ್ ಗ್ರೂಪ್ ಮಾಡಿ. ಆ್ಯಪ್-ವಿ 5ರಲ್ಲಿ ಅದು ಒಂದು ಎಕ್ಸ್‌ಎಂಎಲ್ ಕಡತ, ಅಷ್ಟೆ. ಗ್ರೂಪ್‌ನಲ್ಲಿರುವ ಪ್ಯಾಕೇಜ್‌ಗಳು ಒಂದೇ ವರ್ಚುವಲ್ ಪರಿಸರದಲ್ಲಿ ಓಡುತ್ತವೆ, ಒಂದರ ಕಡತ ಮತ್ತು ರಿಜಿಸ್ಟ್ರಿ (ವಿಂಡೋಸ್ ಸೆಟ್ಟಿಂಗ್‌ಗಳ ಸಂಗ್ರಹ) ಇನ್ನೊಂದಕ್ಕೆ ಕಾಣುತ್ತದೆ. 4.6ರಲ್ಲಿ ಇದೇ ಕೆಲಸಕ್ಕೆ ಡೈನಾಮಿಕ್ ಸೂಟ್ ಕಾಂಪೊಸಿಷನ್ ಇತ್ತು.

ಜಾಸ್ತಿ ಜನ ಎಡವುವುದು ಸೀಕ್ವೆನ್ಸಿಂಗ್‌ನಲ್ಲಿ, ಅಂದರೆ ಆ್ಯಪ್ ಅನ್ನು ಪ್ಯಾಕೇಜ್ ಆಗಿ ಕಟ್ಟುವ ಹಂತದಲ್ಲಿ. ಆ್ಯಪ್ ಅನ್ನು ಸೀಕ್ವೆನ್ಸ್ ಮಾಡುವ ಮೊದಲೇ, ಅಂದರೆ ಮಾನಿಟರಿಂಗ್ (ಇನ್‌ಸ್ಟಾಲರ್ ಮಾಡುವ ಬದಲಾವಣೆಗಳ ದಾಖಲೆ) ಶುರುವಾಗುವ ಮುಂಚೆ, ಜಾವಾ ಪ್ಯಾಕೇಜನ್ನು ಸೀಕ್ವೆನ್ಸ್ ಮಾಡುವ ಯಂತ್ರದಲ್ಲಿ ಎಕ್ಸ್‌ಪ್ಯಾಂಡ್ ಮಾಡಿಡಿ (ಬಿಚ್ಚಿ ಹರಡಿಡಿ). ಆಗ ಇನ್‌ಸ್ಟಾಲರ್‌ಗೆ ಜಾವಾ ಸಿಗುತ್ತದೆ, ಆದರೆ ಹೊಸ ಪ್ಯಾಕೇಜ್‌ನೊಳಗೆ ಸೇರುವುದಿಲ್ಲ. ಇದನ್ನು ದಯವಿಟ್ಟು ಬಿಡಬೇಡಿ.

ಕ್ರಮವೂ ಮುಖ್ಯ. ಒಂದೇ ಕಡತ ಎರಡು ಪ್ಯಾಕೇಜ್‌ನಲ್ಲಿದ್ದರೆ ಪಟ್ಟಿಯಲ್ಲಿ ಮೇಲಿರುವುದಕ್ಕೆ ಆದ್ಯತೆ. ಹಾಗಾಗಿ ನಾನು ಆ್ಯಪ್ ಮೇಲೆ, ಜಾವಾ ಕೆಳಗೆ ಇಡುತ್ತೇನೆ.

ಆ್ಯಪ್-ವಿ 5.0 ಎಸ್‌ಪಿ3 (ಸರ್ವಿಸ್ ಪ್ಯಾಕ್ 3) ರಿಂದ ಗ್ರೂಪ್‌ನಲ್ಲಿರುವ ಪ್ಯಾಕೇಜನ್ನು ಐಚ್ಛಿಕ ಎಂದು ಗುರುತಿಸಬಹುದು, ಯಾವ ಆವೃತ್ತಿಯಾದರೂ ಸರಿ ಎಂದೂ ಹೇಳಬಹುದು. ಆದರೆ ಹಳೆಯ ಜಾವಾವೇ ಬೇಕು ಎನ್ನುವ ಆ್ಯಪ್‌ಗೆ ಆವೃತ್ತಿಯನ್ನು ಕಟ್ಟಿಹಾಕುವುದೇ ಒಳ್ಳೆಯದು.